ಮದಿಮಗಳನ್ನು ಅಥಣಿಗೆ ಕರೆದೊಯ್ದದ್ದು

ಎರಡು ಸಾವಿರದ ಹತ್ತರ ಆಚೀಚೆ ಐನಾಪುರದ ಹತ್ತಿರದ ಹೈಸ್ಕೂಲೊಂದರಲ್ಲಿ ನಾನು ಕಂಪ್ಯೂಟರ್ ಕಲಿಸುತ್ತಿದ್ದೆ. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಇತ್ತು, ಇಂಟರ್‌ನೆಟ್ ಇರಲಿಲ್ಲ. ಹಾಗೆ ಕೊಟ್ಟು ಹೋದ ಪುಣ್ಯಾತ್ಮರು ಯಾರೋ, ಕೈಗೆ ಸಿಕ್ಕಿದ್ದರೆ ನಾಲ್ಕು ಮಾತು ಆಡುತ್ತಿದ್ದೆ.

ನಮ್ಮ ಇತಿಹಾಸದ ಸರ್‌ಗೆ ಕಣ್ಣು ಪೂರ್ತಿ ಹೋಗಿತ್ತು. ಪಾಠವೆಲ್ಲ ಬಾಯಲ್ಲೇ ಇದ್ದುದರಿಂದ ಕಲಿಸಲು ತೊಂದರೆಯಿರಲಿಲ್ಲ. ಓದಬೇಕೆಂದರೆ ಮಾತ್ರ ಹೆಂಡತಿ, ಇಲ್ಲವೇ ನಾವು ಯಾರಾದರೂ ಬೇಕು. ಪರದೆಯ ಮೇಲಿನದನ್ನು ಕಂಪ್ಯೂಟರೇ ಓದಿ ಹೇಳುವ ತಂತ್ರಾಂಶವೊಂದಿದೆ ಎಂದು ನಾನು ಹೇಳಿದ್ದೇ ತಡ, ಬೆನ್ನು ಬಿದ್ದರು.

“ಮನಿಯಾಗ ಓದಾವ್ರು ಅದಾರಲ್ರಿ ಸರ,” ಅಂದೆ.

“ಅದಾರ್ರಿ. ಆದ್ರ ಅವ್ರಿಗೆ ಬ್ಯಾಸರಾದ್ರ ದನಿಯಾಗ ಗೊತ್ತಾಗತೈತಿ. ಸಾಕ್ ಬಿಡು ಅಂತೀನಿ. ಒಂದ ಹಾಳಿ ಆದ್ರೂ ನಾ ಒಬ್ಬಾವ್ನ ಓದಬೇಕ್ರಿ ಅಕ್ಕಾರ.”

ಆಮೇಲೆ ನನಗೆ ಸುಮ್ಮನಿರಲಾಗಲಿಲ್ಲ.

ಶನಿವಾರ ಶಾಲೆ ಮುಗಿಸಿ ಅಥಣಿಯ ಸೈಬರ್ ಕೆಫೆಗೆ ಹೋಗಿ, ಆ ತಂತ್ರಾಂಶದ ಪ್ಯಾಕೇಜನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು ಬಂದೆ. ಹಾಕಲು ಹೋದರೆ, ಇದು ನಡೆಯಲು ಇನ್ನೊಂದು ಪ್ಯಾಕೇಜ್ ಬೇಕು ಎಂದಿತು ಕಂಪ್ಯೂಟರ್. ಮುಂದಿನ ವಾರ ಅದನ್ನೂ ತಂದೆ. ಅದಕ್ಕೆ ಮತ್ತೆರಡು ಬೇಕಂತೆ. ಅವೂ ಬಂದವು, ಒಂದರ ಆವೃತ್ತಿ ಹೊಂದುವುದಿಲ್ಲವಂತೆ. ತಲೆ ಕೆಟ್ಟು ಕೀಬೋರ್ಡನ್ನು ಮೇಜಿಗೆ ಕುಕ್ಕಿದೆ.

ಸರ್ ನಕ್ಕರು. “ಬಳಗದಾಗ ಒಬ್ಬರನ್ನ ಬಿಟ್ರೂ ಲಗ್ನಕ್ಕ ಬರೂದಿಲ್ಲ ಅಂತಾವೇನ್ರಿ ಇವು? ಹಂಗಾರ ಹೆಣ್ಣ ಕರಕೊಂಡ ನಾವ ಗಂಡಿನ ಊರಿಗೆ ಹೋಗೂಣ್ರಿ.”

ಬೀಗರಿಗೆಲ್ಲ ಉಣ್ಣಿಸುವ ಅನುಕೂಲ ಇಲ್ಲದ ಹೆಣ್ಣಿನ ಮನೆಯವರು ನಮ್ಮ ಕಡೆ ಹಾಗೆಯೇ ಮಾಡುತ್ತಾರೆ. ಇಲ್ಲಿ ಹೆಣ್ಣು ಎಂದರೆ ಸಿಪಿಯು, ಗಂಡಿನ ಊರು ಎಂದರೆ ನೆಟ್ ಇರುವ ಅಥಣಿ. ಹೆಡ್‌ಮಾಸ್ತರರ ಒಪ್ಪಿಗೆ ಪಡೆದು ಅದನ್ನು ಚಾದರದಲ್ಲಿ ಸುತ್ತಿ ಬಸ್ ಹತ್ತಿದೆವು. ಸರ್ ಅದನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು, ನಾನು ಕೇಳಿದರೂ ಕೊಡಲಿಲ್ಲ. ಇದೇನು ಎಂದು ಕಂಡಕ್ಟರ್ ಕೇಳಿದ.

“ಮದಿಮಗಳ್ರಿ. ಲಗ್ನಕ್ಕ ಹೊಂಟೇವಿ,” ಅಂದರು.

ಕೆಫೆಯವನು ತನ್ನ ಮಾನಿಟರನ್ನೂ ನೆಟ್ಟಿನ ವೈರನ್ನೂ ಬಿಚ್ಚಿ ಇದಕ್ಕೆ ಜೋಡಿಸಿಕೊಟ್ಟ. ಆ ತಂತ್ರಾಂಶ ಬೇಕೆಂದು ಒಂದೇ ಒಂದು ಸಾಲು ಟೈಪ್ ಮಾಡಿದೆ. ಅಷ್ಟು ವಾರ ಸತಾಯಿಸಿದ ಪ್ಯಾಕೇಜುಗಳು ನೆಟ್ಟಿನಿಂದ ಒಂದರ ಹಿಂದೊಂದು ತಾವಾಗಿಯೇ ಬಂದು ಕೂತವು. ಸರ್‌ಗೆ ಓದಲಿಕ್ಕಿರಲಿ ಎಂದು ಕನ್ನಡದ ಒಂದಿಷ್ಟು ನಗೆಬರಹಗಳನ್ನೂ ಇಳಿಸಿಕೊಂಡೆ.

ಸೋಮವಾರ ಸಿಬ್ಬಂದಿಯೆಲ್ಲ ಲ್ಯಾಬಿನಲ್ಲಿ ಸೇರಿತ್ತು. ಯಾವ ಗುಂಡಿ ಎಲ್ಲಿದೆ ಎಂದು ಸರ್‌ಗೆ ಬೆರಳು ಹಿಡಿದು ತೋರಿಸಿದೆ. ಸ್ಪೀಕರಿನಿಂದ ಏರಿಳಿತವಿಲ್ಲದ ಮೂಗುದನಿಯೊಂದು ಕನ್ನಡದ ನಗೆಬರಹವೊಂದನ್ನು ಓದತೊಡಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸರ್ ಗುಂಡಿ ಒತ್ತಿ ಓದು ನಿಲ್ಲಿಸಿದರು.

“ತಪ್ಪ ತಿಳ್ಕೋಬ್ಯಾಡ್ರಿ. ಎಲ್ಲಾರೂ ಸ್ವಲ್ಪ ಹೊರಗ ಹೋಗ್ತೀರೇನ್ರಿ?”

ನನಗೆ ಸಿಟ್ಟೇ ಬಂತು. ಇಷ್ಟು ಒದ್ದಾಡಿದವಳು ನಾನು, ನನ್ನನ್ನೂ ಹೊರಗೆ ಕಳಿಸುವುದೇ? ವರಾಂಡದಲ್ಲಿ ನಿಂತರೆ ಆ ದನಿ ಬಾಗಿಲು ದಾಟಿ ಬರುತ್ತಲೇ ಇತ್ತು, ಎಲ್ಲರೂ ಕಿವಿಗೊಟ್ಟು ಕೇಳುತ್ತಲೇ ಇದ್ದರು. ಒಬ್ಬನೇ ಓದಬೇಕು ಎಂದು ಅವರು ಹೇಳಿದ್ದು ಆಗ ನೆನಪಾಗಿ ಪಿಚ್ಚೆನಿಸಿತು. ಬ್ಯಾಗಿನಲ್ಲಿದ್ದ ನನ್ನ ಮೊಬೈಲಿನ ಇಯರ್‌ಫೋನ್ ತೆಗೆದುಕೊಂಡು ಒಳಗೆ ಹೋದೆ. ಅದನ್ನು ಅವರ ಕೈಗಿಟ್ಟು, ತುದಿಯನ್ನು ಸಿಪಿಯುಗೆ ಸಿಕ್ಕಿಸಿ, ಬಾಗಿಲು ಎಳೆದುಕೊಂಡು ಬಂದೆ.

ಆಮೇಲೆ ಹೊರಗೆ ಏನೂ ಕೇಳಿಸಲಿಲ್ಲ. ಬಹಳ ಹೊತ್ತಿನ ಮೇಲೆ ಸರ್ ಒಬ್ಬರೇ ಜೋರಾಗಿ ನಕ್ಕರು. ಯಾತಕ್ಕೆ ನಕ್ಕರೋ, ನಮಗ್ಯಾರಿಗೂ ಗೊತ್ತಾಗಲಿಲ್ಲ.