ನಾನು ಸಹಿ ಹಾಕಿದ ಎರಡು ರಿಪೋರ್ಟುಗಳು

2022ರಲ್ಲಿ ನಾನು ಚೆನ್ನೈನ ಒಂದು ಖಾಸಗಿ ಆಸ್ಪತ್ರೆಯ ಲ್ಯಾಬಿನಲ್ಲಿ ಹಿರಿಯ ಮೈಕ್ರೋಬಯಾಲಜಿಸ್ಟ್ ಆಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಲಪರೀಕ್ಷೆ ಎಂದರೆ ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ, ಹಳಬರು ಅಸಡ್ಡೆ ಮಾಡುತ್ತಾರೆ. ಹಳಬರ ಗುಂಪಿಗೆ ನಾನು ಯಾವಾಗ ಸೇರಿದೆನೋ ನನಗೇ ಗೊತ್ತಾಗಲಿಲ್ಲ.

ಆ ವರ್ಷದ ಮಳೆಗಾಲ ಮುಗಿಯುವ ಹೊತ್ತಿಗೆ ಶ್ರೀಧರ ಎಂಬ ನಲವತ್ತೊಂದು ವರ್ಷದವರೊಬ್ಬರ ಸ್ಯಾಂಪಲ್ ಹೊರಗಿನ ಕಲೆಕ್ಷನ್ ಸೆಂಟರಿನಿಂದ ಎರಡು ಸಲ ಬಂತು. ಚೀಟಿಯಲ್ಲಿ ‘ಭೇದಿ’ ಎಂದಷ್ಟೇ ಇತ್ತು. ವಾಡಿಕೆಯಂತೆ ಒಂದು ಹನಿ ಸಲೈನ್, ಒಂದು ಹನಿ ಅಯೋಡಿನ್ ಹಾಕಿ ಮೈಕ್ರೋಸ್ಕೋಪಿನಲ್ಲಿ ನೋಡಿದೆವು. ಜಂತುಹುಳುವಿನ ಮೊಟ್ಟೆ, ಅಮೀಬಾ, ಜಿಯಾರ್ಡಿಯ ಇದ್ದರೆ ಇಷ್ಟರಲ್ಲೇ ಸಾಮಾನ್ಯವಾಗಿ ಸಿಕ್ಕಿಬೀಳುತ್ತವೆ. ಎರಡೂ ಸಲ ‘ಪರಾವಲಂಬಿಗಳು ಕಾಣಲಿಲ್ಲ’ ಎಂದು ರಿಪೋರ್ಟ್ ಹೋಯಿತು. ಸಹಿ ನನ್ನದೇ.

ಎರಡನೆಯ ರಿಪೋರ್ಟ್ ಹೋಗಿ ವಾರವಾಗಿತ್ತು. ಕಿಡ್ನಿ ವಿಭಾಗದ ಡಾಕ್ಟರು ಫೋನ್ ಮಾಡಿ, ಆ ಶ್ರೀಧರ ಈಗ ತಮ್ಮ ವಾರ್ಡಿನಲ್ಲಿದ್ದಾರೆ ಎಂದರು. ಒಂಬತ್ತು ತಿಂಗಳ ಹಿಂದೆ ಅವರಿಗೆ ಕಿಡ್ನಿ ಕಸಿ ಆಗಿತ್ತು, ಕಿಡ್ನಿ ಕೊಟ್ಟವರು ತಾಯಿ. ಕಸಿ ಆದವರಿಗೆ, ದೇಹ ಹೊಸ ಅಂಗವನ್ನು ತಿರಸ್ಕರಿಸದಿರಲೆಂದು, ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುವ ಮಾತ್ರೆ ಕೊಡುತ್ತಾರೆ. ಅವುಗಳಲ್ಲಿ ಒಂದರಿಂದಲೇ ಭೇದಿ ಆಗುವುದೂ ಉಂಟು. ನನ್ನ ರಿಪೋರ್ಟ್ ನಂಬಿ, ಮಾತ್ರೆಯದೇ ತಪ್ಪೆಂದು ತಿಳಿದು ಡಾಕ್ಟರು ಅದನ್ನು ಅರ್ಧಕ್ಕೆ ಇಳಿಸಿದ್ದರು. ಭೇದಿ ನಿಲ್ಲಲಿಲ್ಲ. ತೂಕ ಏಳು ಕಿಲೋ ಇಳಿದಿತ್ತು. ಕಿಡ್ನಿಯ ಕೆಲಸವನ್ನು ಅಳೆಯುವ ಕ್ರಿಯೇಟಿನಿನ್ 1.1 ಇದ್ದದ್ದು 2.3ಕ್ಕೆ ಏರಿತ್ತು. ಮಾತ್ರೆಯನ್ನು ಪೂರ್ತಿ ನಿಲ್ಲಿಸಿದರೆ ಕಸಿ ಕೈಕೊಡಬಹುದು, ಭೇದಿ ಹೀಗೇ ಮುಂದುವರಿದರೂ ಕಿಡ್ನಿ ಹಾಳು. ಇನ್ನೊಂದೇ ಒಂದು ಸಲ ನೋಡಿ ಎಂದರು ಅವರು.

ಆವತ್ತು ಬಂದ ಸ್ಯಾಂಪಲ್ಲಿಗೆ ನಾನೇ ಕೂತು ಬೇರೆ ಬಣ್ಣ ಹಾಕಿದೆ. ಕ್ಷಯದ ರೋಗಾಣುವನ್ನು ಹುಡುಕಲು ಬಳಸುವ ವಿಧಾನವನ್ನೇ ಸ್ವಲ್ಪ ಮಾರ್ಪಡಿಸಿದ್ದು, ಅದರ ಹೆಸರು ಮಾಡಿಫೈಡ್ ಆಸಿಡ್ ಫಾಸ್ಟ್. ಅರ್ಧ ಗಂಟೆಯ ಕೆಲಸ. ನೀಲಿ ಹಿನ್ನೆಲೆಯಲ್ಲಿ ಸಾಸಿವೆ ಚೆಲ್ಲಿದ ಹಾಗೆ ಕೆಂಪು ಗುಂಡುಗಳು ತುಂಬಿದ್ದವು. ಕ್ರಿಪ್ಟೋಸ್ಪೊರಿಡಿಯಮ್ ಎಂಬ ಪರಾವಲಂಬಿ. ಗಟ್ಟಿಮುಟ್ಟಾದವರಿಗೆ ಇದು ಬಂದರೆ ವಾರ, ಎರಡು ವಾರದಲ್ಲಿ ತಾನಾಗಿ ಹೋಗುತ್ತದೆ. ನಿರೋಧಕ ಶಕ್ತಿ ಕುಗ್ಗಿದವರನ್ನು ತಿಂಗಳುಗಟ್ಟಲೆ ಹಿಂಡುತ್ತದೆ. ನಲ್ಲಿ ನೀರಿಗೆ ಹಾಕುವ ಕ್ಲೋರಿನ್ನಿಗೂ ಜಗ್ಗುವುದಿಲ್ಲ, ಕುದಿಸಿದರೆ ಮಾತ್ರ ಸಾಯುತ್ತದೆ. ವಾಡಿಕೆಯ ಪರೀಕ್ಷೆಯಲ್ಲಿ ಅದು ಕಣ್ಣು ತಪ್ಪಿಸಿಕೊಳ್ಳುವುದೇ ಹೆಚ್ಚು. ಹಳೆಯ ಸ್ಯಾಂಪಲ್ಲುಗಳಲ್ಲೂ ಇದ್ದೇ ಇರಬೇಕು, ನಾನು ಹುಡುಕಿರಲಿಲ್ಲ ಅಷ್ಟೆ. ಖುಷಿಪಡಬೇಕೋ ನಾಚಿಕೊಳ್ಳಬೇಕೋ ತಿಳಿಯಲಿಲ್ಲ. ನಾಚಿಕೆಯೇ ಹೆಚ್ಚಾಯಿತು.

ಔಷಧಿ ಶುರುವಾಯಿತು. ಆದರೆ ರೋಗ ಬಂದದ್ದು ಎಲ್ಲಿಂದ ಎಂದು ತಿಳಿಯದಿದ್ದರೆ ಇವತ್ತು ಹೋದದ್ದು ನಾಳೆ ಮತ್ತೆ ಬರುತ್ತದೆ. ನರ್ಸುಗಳು ಕೇಳಿದಾಗಲೆಲ್ಲ ಶ್ರೀಧರ ಕಾಯಿಸಿದ ನೀರನ್ನೇ ಕುಡಿಯುವುದಾಗಿ ಹೇಳಿದ್ದರು. ಮನೆಯವರು ಕನ್ನಡದವರು, ನೀವೇ ಮಾತಾಡಿ ನೋಡಿ ಎಂದು ಡಾಕ್ಟರು ನನ್ನನ್ನು ವಾರ್ಡಿಗೆ ಕಳಿಸಿದರು.

ಶ್ರೀಧರ ಎಗ್ಮೋರಿನ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದರು. “ಕಾಯಿಸದ ಪಚ್ಚತಣ್ಣಿ ಮುಟ್ಟೋದೇ ಇಲ್ಲ ಮೇಡಂ. ಆಫೀಸಿಗೂ ಫ್ಲಾಸ್ಕಲ್ಲಿ ಮನೆ ನೀರೇ,” ಎಂದರು. ಸುಳ್ಳು ಹೇಳುವ ಮುಖವಲ್ಲ. ಪಕ್ಕದಲ್ಲಿ ಅವರ ತಾಯಿ ಇಂದಿರಾಬಾಯಿ ಕೂತಿದ್ದರು, ಅರವತ್ತೆರಡು ವರ್ಷ. ಮೂರು ತಲೆಮಾರಿನಿಂದ ಪುರಸೈವಾಕ್ಕಂನಲ್ಲಿ ನೆಲೆಸಿದ ಮಾಧ್ವ ಮನೆತನ. ನಾನು ಪ್ರಶ್ನೆ ಬದಲಿಸಿದೆ.

“ಅಮ್ಮ, ಬೆಳಗ್ಗೆ ಎದ್ದಾಗಿನಿಂದ ಇವರ ಬಾಯಿಗೆ ಏನೇನು ಹೋಗುತ್ತೆ, ಒಂದೊಂದಾಗಿ ಹೇಳಿ.”

“ಏನಿದೆ ಹೇಳೋಕೆ? ಸ್ನಾನ, ಸಂಧ್ಯಾವಂದನೆ. ಆಮೇಲೆ ತೀರ್ಥ ತೊಗೋತಾನೆ. ಅದಾದ ಮೇಲೇ ಕಾಫಿ. ಆಪರೇಷನ್ ಆದಮೇಲೆ ಒಂದು ದಿನ ತಪ್ಪಿಸಿಲ್ಲ ನಾನು.”

“ತೀರ್ಥಕ್ಕೆ ಯಾವ ನೀರು?”

“ಹಿತ್ತಲ ಬಾವೀದು. ಮಡೀಲಿ ನಾನೇ ಸೇದ್ತೀನಿ. ಕಾರ್ಪೊರೇಷನ್ ನೀರು ದೇವರಿಗೆ ಆಗುತ್ತಾ?”

“ಕಾಯಿಸ್ತೀರಾ?”

“ತೀರ್ಥ ಯಾರಾದ್ರೂ ಕಾಯಿಸ್ತಾರೇನಮ್ಮ?”

ನಾನೂ ಅಂಥ ಮನೆಯಲ್ಲೇ ಬೆಳೆದವಳು. ಬೆಳಗ್ಗೆ ಮೂರು ಉದ್ಧರಣೆ ತೀರ್ಥ ಕುಡಿದವರು ‘ನೀರು ಕುಡಿದೆ’ ಎನ್ನುವುದಿಲ್ಲ. ತೀರ್ಥ ಬೇರೆ, ನೀರು ಬೇರೆ. ನರ್ಸುಗಳು ಕೇಳಿದ್ದು ನೀರಿನ ವಿಷಯ, ಮಗ ಹೇಳಿದ್ದು ಸತ್ಯ. ವಿಚಾರಿಸಿದಾಗ, ಮಳೆಯಲ್ಲಿ ಬೀದಿಯ ಚರಂಡಿ ಉಕ್ಕಿ ಹಿತ್ತಲಿನವರೆಗೂ ಬಂದಿತ್ತೆಂದು ತಿಳಿಯಿತು. ಬಾವಿಯ ನೀರನ್ನು ತರಿಸಿ ಪರೀಕ್ಷಿಸಿದೆವು. ಕ್ರಿಪ್ಟೋಸ್ಪೊರಿಡಿಯಮನ್ನು ನೀರಿನಲ್ಲಿ ಹುಡುಕುವ ಸೌಲಭ್ಯ ನಮ್ಮಲ್ಲಿರಲಿಲ್ಲ, ಹಾಗಾಗಿ ಅಲ್ಲಿಂದಲೇ ಬಂತೆಂದು ನಾನು ಆಣೆ ಇಟ್ಟು ಹೇಳಲಾರೆ. ಚರಂಡಿ ಸೇರಿದ್ದಕ್ಕೆ ಗುರುತಾದ ಇ-ಕೋಲೈ ಮಾತ್ರ ಧಾರಾಳವಾಗಿ ಬೆಳೆಯಿತು.

ಇದನ್ನು ಇಂದಿರಾಬಾಯಿಗೆ ತಿಳಿಸುವ ಕೆಲಸವೂ ನನಗೇ ಬಿತ್ತು. ಪೂರ್ತಿ ಕೇಳಿಸಿಕೊಂಡು ಅವರು ಸೆರಗಿನ ಅಂಚನ್ನು ನೋಡುತ್ತಾ ಕೂತರು.

“ಹಾಗಾದ್ರೆ ಕಿಡ್ನಿ ಕೊಟ್ಟವಳೂ ನಾನೇ, ಕೆಡಿಸಿದವಳೂ ನಾನೇ.”

ಸಮಾಧಾನದ ಮಾತು ಹೇಳಿ ಜಾರಿಕೊಳ್ಳಬಹುದಿತ್ತು. ಆಗಲಿಲ್ಲ. ಅವರ ಪಕ್ಕ ಕೂತು, ಎರಡು ಸಲ ‘ಕಾಣಲಿಲ್ಲ’ ಎಂದು ಬರೆದುಕೊಟ್ಟವಳು ನಾನು, ಅದನ್ನು ನಂಬಿಯೇ ಮಾತ್ರೆ ಇಳಿಸಿದರು, ಮೂರು ವಾರ ಹಾಳಾಯಿತು ಎಂದೆ. ಅವರು ನನ್ನನ್ನೇ ನೋಡಿದರು. ಬೈಯುತ್ತಾರೆ ಎಂದುಕೊಂಡೆ.

“ಅವನಿಗೆ ಕಿಡ್ನಿ ಹಾಕಿದ್ದು ನಿಮಗ್ಯಾರಾದ್ರೂ ಹೇಳಿದ್ರಾ?”

“ಇಲ್ಲ. ನಾನೂ ಕೇಳಲಿಲ್ಲ.”

“ಸರಿ, ಬಿಡಿ. ಮುಂದೇನು ಮಾಡಬೇಕು, ಅದನ್ನ ಹೇಳಿ.”

ಹೇಳಿದೆ. ನೀರು ಚೆನ್ನಾಗಿ ಕುದಿಯಬೇಕು, ಪಾತ್ರೆ ಮುಚ್ಚಿಟ್ಟು ಆರಿಸಬೇಕು, ಪೂಜೆ ಆಮೇಲೆ. ಆಚಮನಕ್ಕೂ ಅದೇ ನೀರು, ತುಳಸಿ ತೊಳೆಯುವುದಕ್ಕೂ ಅದೇ. ಮಠದಲ್ಲಿ ಒಂದು ಮಾತು ಕೇಳಬೇಕೇನೋ ಎಂದು ನಾನೇ ಅಳುಕಿದೆ. “ಮಡೀಲೇ ಕಾಯಿಸಿದರಾಯ್ತು. ದೇವರಿಗೆ ನಾನು ಹೇಳ್ಕೋತೀನಿ,” ಎಂದು ಅವರು ಎದ್ದು ಮಗನ ಮಗ್ಗುಲಿಗೆ ಹೋದರು.

ಭೇದಿ ಪೂರ್ತಿ ನಿಲ್ಲಲು ಐದು ವಾರ ಹಿಡಿಯಿತು. ಮಾತ್ರೆಯ ಪ್ರಮಾಣವನ್ನು ಮೆಲ್ಲಗೆ ಮೊದಲಿನ ಮಟ್ಟಕ್ಕೆ ತಂದರು. ಕಿಡ್ನಿ ಉಳಿಯಿತು.

ಅಂದಿನಿಂದ ನಮ್ಮ ಚೀಟಿಯಲ್ಲಿ ‘ಕಸಿ, ಕ್ಯಾನ್ಸರ್ ಚಿಕಿತ್ಸೆ, ಎಚ್‌ಐವಿ, ಸ್ಟೆರಾಯ್ಡ್’ ಎಂಬ ಸಾಲು ಸೇರಿತು. ಅದನ್ನು ಖಾಲಿ ಬಿಟ್ಟ ಸ್ಯಾಂಪಲ್ ಬಂದರೆ ಲ್ಯಾಬಿನವರು ಫೋನ್ ಮಾಡಿ ಕೇಳುತ್ತಾರೆ. ‘ಕಾಣಲಿಲ್ಲ’ ಎಂದು ಬರೆದರೆ ಯಾವುದನ್ನು ಹುಡುಕಿದೆವು, ಯಾವುದನ್ನು ಹುಡುಕಲಿಲ್ಲ ಎಂದೂ ಕೆಳಗೆ ಬರೆಯುತ್ತಾರೆ. ಇದು ನನ್ನ ಜಾಣತನವೆಂದು ಬೀಳ್ಕೊಡುಗೆಯ ದಿನ ಯಾರೋ ಹೊಗಳಿದರು. ಶ್ರೀಧರರ ಕ್ರಿಯೇಟಿನಿನ್ 1.4ಕ್ಕೆ ಇಳಿದು ಅಲ್ಲೇ ನಿಂತಿದೆ. 1.1ಕ್ಕೆ ಮರಳಲಿಲ್ಲ.