ಪಂಪ್ ಕಾಯೋ ರುದ್ರವ್ವ

ನೋಡ್ರಿ ಗೆಳೆಯರೇ, ಊರ ಗಟಾರದ ನೀರನ್ನ ಶುದ್ಧೀಕರಣಕ್ಕ ಎತ್ತಿ ಕಳಿಸೋ ಪಂಪ್ ನಡಸಾವ ನಾನು. ಇವತ್ತು ಕೊಟ್ಟೂರಾಗ ಮದುವಿ ಊಟ ಅಂತ ಪಂಪ್ ಬಂದ್ ಮಾಡಿ ಹೊಂಟಿದ್ದೆ. ಗೇಟಿಗೆ ಅಡ್ಡ ಕುರ್ಚಿ ಹಾಕ್ಕೊಂಡು ಪಕ್ಕದ ಮನಿ ರುದ್ರವ್ವ ಕುಂತಿದ್ಲು. 'ನಾರೋ ಪಂಪ್ ಇಲ್ಲಿ ಬ್ಯಾಡ' ಅಂತ ಹಿಂದ ಜಗಳಕ್ಕ ಕುಂತಿದ್ದೂ ಅದೇ ಕುರ್ಚಿ ಮ್ಯಾಲೆ.

"ಚಾಲೂ ಮಾಡು ತಮ್ಮಾ. ಇಲ್ಲಾಂದ್ರ ಗಲೀಜೆಲ್ಲ ಹಳ್ಳಕ್ಕ ಬರ್ತೈತಿ. ಪಂಪ್ ಬಂದ ಮ್ಯಾಲೆ ಹಳ್ಳ ತಿಳಿ ಆಗಿ, ನಮ್ಮ ಎಮ್ಮಿ ಈಗೀಗ ಅಲ್ಲಿ ನೀರು ಕುಡಿಯಾಕತ್ತೈತಿ."

"ಊಟ ಮಾಡಿ ಬರ್ತೀನಿ ಯವ್ವಾ."

"ಊಟ ನಾ ಕೊಡ್ತೀನಿ."

ಸೋತು ಚಾಲೂ ಮಾಡಿದೆ. ಹೋಳಿಗಿ ಬದಲು ರೊಟ್ಟಿ, ಪುಂಡಿಪಲ್ಯ, ಚೊಂಬು ತುಂಬ ಮಜ್ಜಿಗಿ ಬಂದ್ವು. ಪೂರ್ತಿ ಕುಡಿದು ಚೊಂಬು ಕೆಳಗಿಟ್ಟೆ.

"ಅದೇ ಎಮ್ಮೀದು," ಅಂದ್ಲು ರುದ್ರವ್ವ.

ನಾಳಿಗೂ ಮಜ್ಜಿಗಿ ಕೊಡ್ತಾಳಂತ. ಇನ್ನ ಪಂಪ್ ನಿಲ್ಲಂಗಿಲ್ಲ ಬಿಡ್ರಿ.