ಆರ್ಲಿಸ್ ಟ್ಯಾಕೆಟ್‌ನ ಹಿಂದಿನ ಎರಡು ಟೈರು

ಆರ್ಲಿಸ್ ಟ್ಯಾಕೆಟ್ ರಸ್ತೆಯ ಆಚೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಎಡಗಣ್ಣು ಮುಚ್ಚಿ, ತನ್ನ ಮನೆ ಮುಂದೆ ನಿಂತ ಕಾರಿನ ಹಿಂಭಾಗವನ್ನೇ ದಿಟ್ಟಿಸುತ್ತಿದ್ದ. ಅರವತ್ತೆಂಟು ವರ್ಷದ ಮೊಣಕಾಲು ಹಾಗೆ ಕೂರಲು ಒಪ್ಪುವುದಿಲ್ಲ. ಆದರೆ ಕಾರಿನ ನಿಲುವು ತಿಳಿಯಬೇಕೆಂದರೆ ಇಪ್ಪತ್ತು ಹೆಜ್ಜೆ ದೂರದಿಂದ, ಚಕ್ರದ ಎತ್ತರಕ್ಕೆ ಕಣ್ಣಿಟ್ಟೇ ನೋಡಬೇಕು. ನಿಂತು ನೋಡುವವನು ಬಣ್ಣ ನೋಡುತ್ತಾನೆ, ಕೂತು ನೋಡುವವನು ಕಾರು ನೋಡುತ್ತಾನೆ ಎಂಬುದು ಆಯಿಲ್‌ಡೇಲಿನ ಹಾಟ್ ರಾಡ್ ಮಂದಿಯ, ಅಂದರೆ ಹಳೇ ಕಾರನ್ನು ಬಿಚ್ಚಿ ಕಟ್ಟಿ ಓಡಿಸುವವರ, ಮಾತು.

ಹೊಸ ಟೈರಿನ ಅಳತೆ ನೋಡಲು ಹಿಂದಿನ ಚಕ್ರಕ್ಕೆ ಒಂದು ರಟ್ಟಿನ ಬಿಲ್ಲೆ ಒರಗಿಸಿದ್ದ. ಫ್ರಿಜ್ಜಿನ ಡಬ್ಬದ ರಟ್ಟಿಗೆ ಮೊಳೆ ಚುಚ್ಚಿ, ದಾರ ಕಟ್ಟಿ, ಪೆನ್ಸಿಲ್ ಸುತ್ತಿಸಿ ಕತ್ತರಿಸಿದ ಬಿಲ್ಲೆ. ಅಂಥವು ಮೂರಿದ್ದವು: ಇಪ್ಪತ್ತೆಂಟು ಇಂಚಿನದು, ಮೂವತ್ತರದು, ಮೂವತ್ತೊಂದೂವರೆಯದು. ಬೆಳಗಿನಿಂದ ಒಂದನ್ನು ತೆಗೆದು ಇನ್ನೊಂದನ್ನು ಇಡುವುದು, ರಸ್ತೆ ದಾಟುವುದು, ಕೂರುವುದು, ಏಳುವುದು. ಇದೇ ಆಗಿತ್ತು.

ಜಗಲಿಯಲ್ಲಿ ಕಾಫಿ ಲೋಟ ಹಿಡಿದು ನಿಂತಿದ್ದ ಹೆಂಡತಿ ಲವಾನ್ ಕೂಗಿದಳು: "ಆರ್ಲಿಸ್, ಎದ್ದೇಳಕ್ಕೆ ಆಗ್ದೆ ಇದ್ರೆ ಹೇಳು, ಜಾಕ್ ತರ್ತೀನಿ!"

"ನಿಂಗೇನನ್ಸುತ್ತೆ? ಮೂವತ್ತೋ, ಮೂವತ್ತೊಂದೂವರೆಯೋ?"

"ನಾನು ರಟ್ಟಿನ ಮೇಲೆ ಕೂರಲ್ಲ. ರಬ್ಬರ್ ತಾ, ಆಮೇಲೆ ಹೇಳ್ತೀನಿ."

ಅವಳು ಆ ಕಾರಿನಲ್ಲಿ ಕೂರುತ್ತಾಳೋ ಇಲ್ಲವೋ, ಅವನ ಮನಸ್ಸನ್ನು ಎರಡು ವರ್ಷದಿಂದ ಕೊರೆಯುತ್ತಿದ್ದುದು ಅದೊಂದೇ.

ಆರ್ಲಿಸ್, ಹೊಟ್ಟೆಪಾಡಿಗೆ ಓಕ್ಲಹೋಮಾ ಬಿಟ್ಟು ಬಂದವರ ಮಗ. ಅವನಪ್ಪ ಕ್ಯಾಲಿಫೋರ್ನಿಯಾ ಮುಟ್ಟಿದ್ದು ನಾಲ್ಕು ಚಕ್ರಕ್ಕೆ ನಾಲ್ಕು ಜಾತಿಯ ಟೈರಿದ್ದ ಗಾಡಿಯಲ್ಲಿ. ಮಗ ನಲವತ್ತೊಂದು ವರ್ಷ ಎಣ್ಣೆ ಬಾವಿಗಳ ಪಂಪು ರಿಪೇರಿ ಮಾಡಿದ. ಹದಿನೇಳನೇ ವಯಸ್ಸಿನಲ್ಲಿ ಯಾರದೋ ಕೋಳಿಗೂಡಿನಲ್ಲಿ ಮೊಟ್ಟೆಗೆ ಕಾವು ಕೊಡುವ ಕೋಳಿಗಳನ್ನೆಬ್ಬಿಸಿ 1931ರ ಫೋರ್ಡಿನ ತೆರೆದ ಮೈಯೊಂದನ್ನು ಎಳೆದು ತಂದಿದ್ದ. ಗುದ್ದಿಕೊಂಡು ಮೂಲೆ ಸೇರಿದ್ದ ಇನ್ನೊಂದು ಕಾರಿನಿಂದ ಎಂಟು ಸಿಲಿಂಡರಿನ ಎಂಜಿನ್ನು ತಂದು ಅದಕ್ಕೆ ಕೂರಿಸಿದ. ಮುಂದೆ ಸಣ್ಣ ಟೈರು, ಹಿಂದೆ ದೊಡ್ಡ ಟೈರು, ಜಿಗಿಯಲು ಹಿಂಗಾಲು ಮಡಿಸಿದ ಮೊಲದ ಹಾಗೆ ನಿಲುವು. ಯಾವ ಶಾಲೆಯೂ ಕಲಿಸಲಿಲ್ಲ. ಕೈ ಸುಟ್ಟುಕೊಂಡೇ ಕಲಿತದ್ದು.

1963ರ ಒಂದು ಫೋಟೋ ಅವನ ಗ್ಯಾರೇಜಿನ ಗೋಡೆಯಲ್ಲಿದೆ. ರೇಸಿನ ಪಟ್ಟಿಯ ಬದಿಯಲ್ಲಿ ಕಾರು, ಅದಕ್ಕೊರಗಿ ಹತ್ತೊಂಬತ್ತರ ಆರ್ಲಿಸ್. ಹಿಂದೆ ಅಗಲವಾದ ಎರಡು ಟೈರು, ಅಂಚಿನ ಸುತ್ತ ಕಡುಬಿನ ಬಾಯಿ ಒತ್ತಿದಂತೆ ಸಾಲು ನೆರಿಗೆ. ಅವಕ್ಕೆ ಅಲ್ಲಿನವರು ಇಟ್ಟ ಹೆಸರೇ ಕಳ್ಳ ಟೈರು. ರೇಸಿಗೆ ಬಟನ್ ಇಲ್ಲದ, ಅಂದರೆ ಮೇಲ್ಮೈಯಲ್ಲಿ ಗೀರಿಲ್ಲದ ಬೋಳು ಟೈರು ಬೇಕು, ಬೋಳು ಟೈರಿನಲ್ಲಿ ರಸ್ತೆಗಿಳಿದರೆ ಪೊಲೀಸರು ಹಿಡಿಯುತ್ತಾರೆ. ಅದಕ್ಕೆ ಬೋಳು ರಬ್ಬರಿನ ಮೇಲೆ ಕಾಟಾಚಾರಕ್ಕೆ ಎರಡು ಗೀರು ಎಳೆದು "ನೋಡಿ ಸ್ವಾಮಿ, ಇದರಲ್ಲೂ ಬಟನ್ ಇದೆ" ಅನ್ನುವುದು. ಹೊರಗೆ ಸಾಧು, ಒಳಗೆ ಕಳ್ಳ.

ಮೂರು ವರ್ಷದ ಹಿಂದೆ ಹತ್ತಿ ಹೊಲದವರೊಬ್ಬರ ಕೊಟ್ಟಿಗೆ ಸಾಮಾನು ಮಾರಾಟದಲ್ಲಿ ಆ ಕಾಲದ್ದೇ, ಒಂದು ಮೈಲಿಯೂ ಓಡದ, ಅಂಥದೇ ಒಂದು ಜೋಡಿ ಸಿಕ್ಕಿತು. ಆರ್ಲಿಸ್‌ಗೆ ಸ್ವರ್ಗಕ್ಕೆ ಮೂರೇ ಗೇಣು. ಓಡದ ಟೈರಿಗೆ ವಯಸ್ಸಾಗುವುದಿಲ್ಲ ಎಂದು ನಂಬಿದ. ಹಳೇ ಕಾರಿನ ಹುಚ್ಚು ಹಿಡಿದವರೆಲ್ಲ ಒಮ್ಮೆಯಾದರೂ ಮಾಡುವ ತಪ್ಪು ಅದು. ರಬ್ಬರು ಕೂತಲ್ಲೇ ಮುದಿಯಾಗುತ್ತದೆ. ಮರುವರ್ಷದ ಏಪ್ರಿಲ್‌ನಲ್ಲಿ, ಕಣಿವೆಯ ರಸ್ತೆಯಲ್ಲಿ, ನಾಲ್ಕು ಹನಿ ಬಿದ್ದದ್ದೇ ತಡ, ಬಂಡೆ ತಿರುವಿನಲ್ಲಿ ಕಾರಿನ ಹಿಂಭಾಗ ಜಾರಿ, ಗಿರ್ರನೆ ತಿರುಗಿ, ಬಂದ ದಾರಿಗೇ ಮುಖ ಮಾಡಿ ನಿಂತಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕೆಳಗೆ ಹೊಳೆ. ಕೂದಲೂ ಕೊಂಕಲಿಲ್ಲ ಅನ್ನುವುದು ಬೇರೆ ಮಾತು.

ಪಕ್ಕದ ಸೀಟಿನಲ್ಲಿದ್ದ ಲವಾನ್ ಇಳಿದಳು. ಕೈಚೀಲ ತೆಗೆದುಕೊಂಡಳು. "ಆರ್ಲಿಸ್ ಯೂಜೀನ್ ಟ್ಯಾಕೆಟ್," ಎಂದಳು. ಅವಳು ಮೂರೂ ಹೆಸರು ಕೂಡಿಸಿ ಕರೆದರೆ ಮುಂದಿನ ಮಾತಿಗೆ ಮೇಲ್ಮನವಿ ಇಲ್ಲ. "ಇಪ್ಪತ್ತೇಳು ವರ್ಷ ಸ್ಕೂಲ್ ಬಸ್ ಓಡ್ಸಿದೀನಿ. ಒಂದು ಮಗೂಗೂ ಗೀರು ಬಿದ್ದಿಲ್ಲ. ಈ ಎರಡು ಟೈರ್ ಇರೋವರ್ಗೂ ನಾನಿದ್ರಲ್ಲಿ ಕೂರಲ್ಲ."

"ಇನ್ಮೇಲೆ ಮಳೇಲಿ ಓಡ್ಸಲ್ಲ, ಆಯ್ತಾ?"

"ರಸ್ತೆ ನಿನ್ನ ಕೇಳ್ಕೊಂಡು ಒದ್ದೆ ಆಗುತ್ತಾ?"

ಆರ್ಲಿಸ್ ಹಟಮಾರಿ. ಒಣ ದಿನಗಳಿಗೆ ಸಾಕೆಂದು ಟೈರು ಬಿಚ್ಚಲಿಲ್ಲ. ಜೂನ್ ಮೊದಲ ಶನಿವಾರ ಊರಿನ ಹಳೇ ಕಾರುಗಳೆಲ್ಲ ಸಾಲಾಗಿ ಸಮುದ್ರಕ್ಕೆ ಹೋಗುವ ವಾಡಿಕೆ. ಹೋದ ವರ್ಷ ಲವಾನ್ ತನ್ನ ಪಿಕಪ್‌ನಲ್ಲಿ ಅವನ ಹಿಂದೆ ನೂರು ಗಜ ಬಿಟ್ಟು ಬಂದಳು. ನೂರಮೂವತ್ತು ಮೈಲಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಹೆಂಡತಿಯನ್ನು ನೋಡಿಕೊಂಡು ಹೋದ. ಪಕ್ಕದ ಸೀಟಿನಲ್ಲಿ ಸ್ಯಾಂಡ್‌ವಿಚ್ ಪೊಟ್ಟಣ ಮಾತ್ರ ಕೂತಿತ್ತು. ಆ ಪೊಟ್ಟಣ ಅವನ ಹಟ ಮುರಿಯಿತು. ಈ ಸಲ ಟೈರು ಬದಲಾಯಿಸಲೇಬೇಕು. ಆದರೆ ಫೋಟೋದ ರೂಪವೂ ಕೆಡಬಾರದು. ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ.

ಅವನು ರಟ್ಟು ಮಡಚುವಷ್ಟರಲ್ಲಿ ಗೆಳೆಯ ಡುವೇನ್ ಪ್ರೂಯಿಟ್ ಬಂದ. ಇಬ್ಬರೂ ಒಂದೇ ಪಂಪಿನ ಕೆಳಗೆ ಗ್ರೀಸು ಮೆತ್ತಿಕೊಂಡವರು. ಡುವೇನ್‌ನ ಬಳಿಯೂ ಅಂಥದೇ ಕಾರಿದೆ. ಅದಕ್ಕಿಂತ ಹೆಚ್ಚಾಗಿ ಬಾಯಿಯಿದೆ.

"ಹಳೇ ಕಾಲದ ನೈಲಾನ್ ಟೈರ್ ಹಾಕು, ಇಲ್ಲಾ ಕಾರ್ ಮಾರು," ಎಂದ ಡುವೇನ್. "ಈಗಿನ ಕಾಲದ ರೇಡಿಯಲ್ ಮಾತ್ರ ಹಾಕ್ಬೇಡ ಮಾರಾಯ. ಮದ್ವೆ ಕೋಟಿನ ಕೆಳಗೆ ಆಟದ ಬೂಟ್ ಹಾಕ್ಕೊಂಡಂಗೆ. ಕೆಳಗಡೆ ಹೊಟ್ಟೆ ಉಬ್ಬಿಸ್ಕೊಂಡು ಕೂತಿರುತ್ತೆ, ನಿನ್ ತರ."

"ನೈಲಾನ್ ಹಾಕಿದ್ರೆ ರಸ್ತೆ ಗೆರೆ ಹಿಡ್ಕೊಂಡು ಅದೇ ಎಲ್ಲಿಗೋ ಎಳ್ಕೊಂಡು ಹೋಗುತ್ತಲ್ಲೋ."

"ಹೋಗ್ಲಿ ಬಿಡು. ನಿನ್ನ ಹೆಂಡ್ತಿ ಹೆಂಗೂ ಪಿಕಪ್‌ನಲ್ಲಿ ಹಿಂದೇನೇ ಬರ್ತಾಳೆ, ಹುಡುಕ್ತಾಳೆ."

ಆರ್ಲಿಸ್ ರಟ್ಟನ್ನು ಕಂಕುಳಲ್ಲಿಟ್ಟುಕೊಂಡು ಗ್ಯಾರೇಜಿಗೆ ನಡೆದ.

ಮಧ್ಯಾಹ್ನ ಫೋಟೋವನ್ನು ಗೋಡೆಯಿಂದಿಳಿಸಿ ಜೇಬಿನಲ್ಲಿಟ್ಟುಕೊಂಡು ಮಾರಿಸೆಲಾ ಕ್ವಿಂಟೆರೊಳ ಟೈರಂಗಡಿಗೆ ಹೋದ. ಹಳೇ ಕಾರಿನ ಟೈರಿಗೆ ಸುತ್ತಲ ಊರುಗಳಿಗೆಲ್ಲ ಅವಳೇ ದಿಕ್ಕು. ಹಳೇ ಅಚ್ಚಿನಲ್ಲಿ ಹೊಸದಾಗಿ ಎರಕಹೊಯ್ದ ಮೂರು ಟೈರು ಉರುಳಿಸಿ ಅವನ ಮುಂದೆ ನಿಲ್ಲಿಸಿದಳು.

"ಇದು ನಿಮ್ಮ ಫೋಟೋದ್ದೇ, ಕಳ್ಳ ಟೈರ್. ಹೊಸ ರಬ್ಬರು, ಮೆತ್ತಗಿದೆ. ಒಣ ರಸ್ತೆಗೆ ರಾಜ, ಒದ್ದೆ ರಸ್ತೆಗೆ ಸೋಪು. ಇದು ನೈಲಾನ್, ಎತ್ತರ, ಸಪೂರ. ನೋಡೋಕೆ ಅಪ್ಪಟ. ರಾತ್ರಿ ನಿಲ್ಸಿದ್ರೆ ಬೆಳಿಗ್ಗೆ ಚಪ್ಪಟೆ ಆಗಿರುತ್ತೆ, ಎರಡು ಮೈಲಿ ಧಡ್‌ಧಡ್ ಅಂತ ಬಡಿಯುತ್ತೆ. ಇದು ಮೂರನೇದು. ಮೈಯೆಲ್ಲಾ ನೈಲಾನ್ ತರಾನೇ, ಅದೇ ಹಳೇ ಬಟನ್, ಅದೇ ನೆಟ್ಟನೆ ಪಕ್ಕೆ. ಒಳಗೆ ರೇಡಿಯಲ್, ಒದ್ದೆ ರಸ್ತೆನೂ ಬಿಡದೆ ಕಚ್ಕೊಳುತ್ತೆ."

"ಅದು ಸುಳ್ಳು ಟೈರ್," ಎಂದ ಆರ್ಲಿಸ್.

"ನಿಮ್ಮ ಕಾರಿನ ಮುಂದಿನ ಎರಡು ಟೈರೂ ರೇಡಿಯಲ್ಲೇ ಅಲ್ವಾ ಮಿಸ್ಟರ್ ಟ್ಯಾಕೆಟ್? ನಾನೇ ಮಾರಿದ್ದು."

ಆರ್ಲಿಸ್ ಬಾಗಿಲ ಕಡೆ ನೋಡಿದ. "ಮೆಲ್ಲಗೆ ಹೇಳಮ್ಮ. ಡುವೇನ್‌ಗೆ ಗೊತ್ತಿಲ್ಲ."

ಮೊದಲನೆಯದನ್ನೇ ಮುಟ್ಟಿ ಮುಟ್ಟಿ ನೋಡಿದ. ನೆರಿಗೆಯ ಅಂಚಿನ ಮೇಲೆ ಬೆರಳಾಡಿಸಿದ. ಹೊಸ ರಬ್ಬರು ಅಲ್ಲವೇ, ಲವಾನ್‌ಗೆ ಒಪ್ಪಿಸಬಹುದು ಎಂದು ಮನಸ್ಸು ಬಾಲ ಬೀಸತೊಡಗಿತು. "ನಾಳೆ ಹೇಳ್ತೀನಿ, ಇದನ್ನ ಯಾರಿಗೂ ಕೊಡ್ಬೇಡ," ಎಂದು ಬಂದ.

ಸಂಜೆ ಅಡುಗೆಮನೆಯ ಮೇಜಿನ ಮೇಲೆ ಫೋಟೋ ಇಟ್ಟು ಭೂತಗಾಜಿನಿಂದ ಗೀರು ಎಣಿಸುತ್ತ ಕೂತ. ಎದುರಿಗೆ ಲವಾನ್ ಪೀಚ್ ಹಣ್ಣಿನ ಪೈ ಮಾಡುತ್ತ, ಅದರ ಅಂಚನ್ನು ಬೆರಳಿನಿಂದ ಒತ್ತುತ್ತಿದ್ದಳು.

"ಏನು ಹುಡುಕ್ತಿದೀಯ?"

"ನನ್ನ ಟೈರ್‌ಗೆ ಗೀರು ಎರಡಿತ್ತೋ ಮೂರೋ ಅಂತ."

ಲವಾನ್ ಹಿಟ್ಟಿನ ಕೈಯಲ್ಲೇ ಬಗ್ಗಿ ನೋಡಿದಳು. "ನಿನ್ನ ಟೈರಾ? ಅವು ನಮ್ಮಪ್ಪಂದು."

"ಏನಂದೆ?"

"ನಮ್ಮಪ್ಪನ ಅಂಗಡೀದು ಆರ್ಲಿಸ್. ಒಂದು ದಿನದ ಮಟ್ಟಿಗೆ ನೀನು ಕಡ ತಂದಿದ್ದೆ. ಬಿಸಿ ಚಾಕು ಹಿಡ್ಕೊಂಡು ಆ ಗೀರು ಎಳ್ದಿದ್ದು ನಮ್ಮಪ್ಪ. ನಾನೇ ಬುಡ್ಡಿದೀಪ ಹಿಡ್ದಿದ್ದೆ. ನೀನು ಫೋಟೋ ತೆಗೆಸ್ಕೊಂಡೆ, ಎರಡು ಸಲ ಓಡ್ಸಿದೆ, ನಾಲ್ಕು ಗಂಟೆಗೆ ಬಿಚ್ಚಿ ವಾಪಸ್ ಕೊಟ್ಟೆ."

ಅವಳಪ್ಪ ಕ್ಲೀಟಸ್ ಸವೆದ ಟೈರಿಗೆ ಹೊಸ ಬಟನ್ ಕೂರಿಸುವ ರೀಟ್ರೆಡ್ ಅಂಗಡಿ ಇಟ್ಟಿದ್ದವನು. ಆರ್ಲಿಸ್‌ನ ಕೈಯಲ್ಲಿ ಭೂತಗಾಜು ಹಾಗೇ ನಿಂತಿತು. ಮೆಲ್ಲಗೆ, ಎಣ್ಣೆ ಬಾವಿಯ ತಳದಿಂದ ಮೇಲೆ ಬಂದ ಹಾಗೆ, ನೆನಪು ಬಂತು. ಹೌದು. ನಲವತ್ತೊಂಬತ್ತು ವರ್ಷ ಆ ಫೋಟೋ ತೋರಿಸಿ "ನನ್ನ ಟೈರು" ಎಂದು ಹೇಳಿ ಹೇಳಿ, ಕೊನೆಗೆ ತಾನೇ ನಂಬಿದ್ದ.

"ಹಂಗಾದ್ರೆ ಮನೆಗೆ ಹೆಂಗ್ ಬಂದ್ವಿ?" ಎಂದ ಸಣ್ಣ ದನಿಯಲ್ಲಿ.

ಲವಾನ್ ನಕ್ಕಳು. "ಹದಿನಾರಿಂಚಿನ ಚಕ್ರದ ಮೇಲೆ, ಆ ಎತ್ತರದ ಸಪೂರ ಟೈರಲ್ಲಿ. ಬಲಗಡೇದಕ್ಕೆ ಅಪ್ಪ ಹೊಸ ಬಟನ್ ಹಾಕಿದ್ರು, ಎಡಗಡೇದು ಸವೆದು ಗಿಡ್ಡ ಆಗಿತ್ತು. ಕಾರು ಎಡಕ್ಕೆ, ಸ್ಟಿಯರಿಂಗ್ ಹಿಡ್ದಿದ್ದ ನಿನ್ ಕಡೆಗೇ ವಾಲ್ತಿತ್ತು. ದಾರಿಯುದ್ದಕ್ಕೂ ನಾನು ಜಾರಿ ಜಾರಿ ನಿನ್ನ ಹೆಗಲಿಗೇ ಬಂದು ಬೀಳ್ತಿದ್ದೆ. ಬೇಕು ಅಂತ ಮಾಡಿದಾನೆ ಕಳ್ಳ ಅನ್ಕೊಂಡೆ."

"ನಾನು ಬೇಕಂತ ಮಾಡ್ಲಿಲ್ಲ!"

"ಅಯ್ಯೋ, ಮಾಡಿದ್ದೆ ಅಂತಾನೇ ನಿನ್ನ ಮದ್ವೆ ಆಗಿದ್ದು ಕಣೋ."

ಪೈ ಒಲೆಗೆ ಹೋಯಿತು. ಆರ್ಲಿಸ್ ಶೆಡ್ಡಿಗೆ ಹೋಗಿ ತೊಲೆಗೆ ನೇತುಹಾಕಿದ್ದ ಹದಿನಾರಿಂಚಿನ ಎರಡು ಕಬ್ಬಿಣದ ಚಕ್ರ ಇಳಿಸಿದ. ಧೂಳು ಒರೆಸಿದರೆ ಒಳಗೆ ಕೆಂಪು ಬಣ್ಣ ಇನ್ನೂ ಇತ್ತು. ಅಗಲದ ಟೈರು ಫೋಟೋಕ್ಕೆ. ಮನೆಗೆ ಮುಟ್ಟಿಸಿದ್ದು ಇವು. ಅಷ್ಟು ತಿಳಿಯಲು ಅವನಿಗೆ ಅರ್ಧ ಶತಮಾನ ಬೇಕಾಯಿತು.

ಮರುದಿನ ಅಂಗಡಿಗೆ ಲವಾನ್ ತಾನಾಗಿಯೇ ಹೊರಟಳು. ಮಾರಿಸೆಲಾ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದು ನಿಂತಳು. "ಮಿಸ್ ಲವಾನ್! ಏಳನೇ ನಂಬರ್ ಬಸ್ಸು, ನಾನು ಮೂರನೇ ಸೀಟು."

"ಚೂಯಿಂಗ್ ಗಮ್ ಅಂಟಿಸ್ತಿದ್ದವಳು ನೀನೇ ಅಲ್ವೇನೇ?"

ಲವಾನ್ ಮೂರೂ ಟೈರಿನ ಮೇಲೆ ಹೆಬ್ಬೆರಳು ಒತ್ತಿದಳು. ಪಕ್ಕೆಯ ಮೇಲೆ ಅಚ್ಚಾದ ನಾಲ್ಕಂಕಿ ಓದಿದಳು: ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಬಸ್ ಡಿಪೋದಲ್ಲಿ ದಿನಾ ಬೆಳಿಗ್ಗೆ ಮಾಡುತ್ತಿದ್ದ ಕೆಲಸ. ಆರ್ಲಿಸ್ ಆ ಅಂಕಿಯನ್ನು ಜನ್ಮದಲ್ಲಿ ಓದಿದವನಲ್ಲ. ಕೊನೆಗೆ ಮೂರನೆಯದರ ಮೇಲೆ ಕೈಯಿಟ್ಟು ನಿಂತಳು.

"ಅಪ್ಪನ ಟೈರು ಹೊರಗೆ ಸಾಧು, ಒಳಗೆ ಕಳ್ಳ," ಎಂದಳು. "ಇದು ತಿರುವುಮುರುವು. ಹೊರಗೆ ಕಳ್ಳ, ಒಳಗೆ ಸಾಧು. ಅಪ್ಪ ಇದ್ದಿದ್ರೆ ಬಿದ್ದು ಬಿದ್ದು ನಗ್ತಿದ್ರು."

ಆರ್ಲಿಸ್ ಕುಕ್ಕರಗಾಲಲ್ಲಿ ಕೂತು, ಎಡಗಣ್ಣು ಮುಚ್ಚಿ ನೋಡಿದ. ಪಕ್ಕೆ ನೆಟ್ಟಗಿತ್ತು, ಹೊಟ್ಟೆ ಉಬ್ಬಿರಲಿಲ್ಲ. "ಮೂವತ್ತೊಂದೂವರೆ," ಎಂದ. "ಹಾಕಮ್ಮ."

ಕೆಂಪು ಚಕ್ರಕ್ಕೆ ಟೈರು ಕೂತಿತು, ಕಾರಿಗೆ ಚಕ್ರ ಕೂತಿತು. ಲವಾನ್ ಮಾತ್ರ ಕೂರಲಿಲ್ಲ. "ಮಳೆ ಬರ್ಲಿ," ಎಂದಳು.

ಏಪ್ರಿಲ್‌ನ ಆ ಒಣ ಸೀಮೆಯಲ್ಲಿ ಮಳೆ ಕೇಳುವುದೆಂದರೆ ಬೋಳುತಲೆಯವನ ಹತ್ತಿರ ಬಾಚಣಿಗೆ ಕೇಳಿದಂತೆ. ಹನ್ನೊಂದು ದಿನ ಆರ್ಲಿಸ್ ಬೆಳಗೆದ್ದು ಆಕಾಶ ನೋಡಿದ. ಡುವೇನ್ ಎರಡು ಸಲ ಬಂದು, ಕೂತು ನೋಡಿ, "ಕೊನೇಗೂ ನೈಲಾನ್ ಹಾಕ್ದೆ, ಬುದ್ಧಿ ಬಂತು," ಎಂದು ಬೆನ್ನು ತಟ್ಟಿ ಹೋದ. ಆರ್ಲಿಸ್ ಕೆಮ್ಮಿದ, ಅಷ್ಟೆ.

ಹನ್ನೆರಡನೆಯ ಬೆಳಿಗ್ಗೆ ಬೆಟ್ಟದ ಕಡೆ ಮೋಡ ಕಟ್ಟಿತು. ಲವಾನ್ ಬಸ್ ಓಡಿಸುತ್ತಿದ್ದ ಕಾಲದ ತನ್ನ ಹಳದಿ ರೇನ್‌ಕೋಟು ತೊಟ್ಟು ಹೊರಬಂದಳು. ಬಂದವಳು ಬಲಗಡೆಗೆ ಹೋಗಲಿಲ್ಲ. ಎಡಗಡೆ, ಸ್ಟಿಯರಿಂಗ್ ಹಿಡಿದು ಕೂತಿದ್ದ ಆರ್ಲಿಸ್‌ನ ಬಳಿ ನಿಂತಳು.

"ಆ ಕಡೆ ಸರಿ."

ಅವನ ಹೊರತು ಆ ಕಾರನ್ನು ಯಾರೂ ಓಡಿಸಿರಲಿಲ್ಲ. ಆರ್ಲಿಸ್ ಸರಿದ.

ತನ್ನದೇ ಕಾರಿನ ಬಲಗಡೆ ಅವನು ಕೂತದ್ದು ಅದೇ ಮೊದಲು. ಹಿಡಿದುಕೊಳ್ಳಲು ಅಲ್ಲೇನೂ ಇರಲಿಲ್ಲ. ಕೈ ತಾನಾಗಿ ಬಾಗಿಲಿನ ಅಂಚಿಗೆ ಹೋಯಿತು. ಅಲ್ಲಿ ಬಣ್ಣ ನಾಲ್ಕು ಬೆರಳಿನಗಲ ಸವೆದಿತ್ತು. ಬಿಸಿಲಿಗೆ ಹೋಗುತ್ತದೆ ಎಂದು ಬೈದುಕೊಂಡು ಎಷ್ಟು ಸಲ ಅದಕ್ಕೆ ಬಣ್ಣ ಹಚ್ಚಿದ್ದನೋ. ಅದು ಬಿಸಿಲಲ್ಲ. ಅವಳ ಕೈ. ಅವನು ತನ್ನ ಬೆರಳನ್ನು ಆ ಜಾಗದಲ್ಲೇ ಇಟ್ಟುಕೊಂಡ.

ಕಣಿವೆ ಹೊಕ್ಕಾಗ ಮಳೆ ಜೋರಾಯಿತು. ಮೇಲೆ ಸೂರಿಲ್ಲದ ಕಾರು, ಇಬ್ಬರ ಮುಖವೂ ತೊಯ್ದು ಹೋಗಿತ್ತು. ಬಂಡೆ ತಿರುವು ಬಂತು. ಲವಾನ್ ಮುಂಚೆಯೇ ವೇಗ ತಗ್ಗಿಸಿ, ನಲವತ್ತು ಮಕ್ಕಳು ಹಿಂದೆ ಕೂತಿರುವ ಹಾಗೆ ಮೆಲ್ಲಗೆ ಸ್ಟಿಯರಿಂಗ್ ತಿರುಗಿಸಿದಳು. ಟೈರು ನೀರನ್ನು ಸೀಳಿ ರಸ್ತೆಯನ್ನು ಕಚ್ಚಿಕೊಂಡಿತು. ಹಿಂಭಾಗ ಮುಂಭಾಗದ ಹಿಂದೆಯೇ ವಿಧೇಯವಾಗಿ ಬಂತು. ತಿರುವು ಮುಗಿಯಿತು.

ಎರಡು ವರ್ಷದ ಹಿಂದೆ ಕೈಚೀಲ ಹಿಡಿದು ಇಳಿದ ಜಾಗದಲ್ಲಿ ಅವಳು ಕಾರು ನಿಲ್ಲಿಸಿದಳು.

"ಜೂನ್‌ಗೆ ಕೂರ್ತೀಯಾ?" ಎಂದ ಆರ್ಲಿಸ್.

"ಕೂರ್ತೀನಿ. ಹೋಗ್ತಾ ನೀನು ಓಡ್ಸು, ಬರ್ತಾ ನಾನು." ಮುಖದ ನೀರು ಒರೆಸಿಕೊಂಡಳು. "ಒಂದೇ ಒಂದು ಕೊರತೆ."

"ಏನು? ಸದ್ದು ಬರ್ತಿದ್ಯಾ?"

"ಎರಡು ಟೈರೂ ಒಂದೇ ಎತ್ತರ ಇದೆ. ಕಾರು ಯಾವ ಕಡೆಗೂ ವಾಲ್ತಿಲ್ಲ."

ಆರ್ಲಿಸ್ ಬಾಗಿಲಿನ ಅಂಚಿನಿಂದ ಕೈ ತೆಗೆದು, ಒದ್ದೆ ಸೀಟಿನ ಮೇಲೆ ತಾನೇ ಅವಳ ಕಡೆಗೆ ಸರಿದು ಕೂತ.